ಮಸ್ಕತ್ತಿಗೆ ಹೋಗು, ಜುಲೈಯಲ್ಲಿ ಬೇಡ

ಪ್ರೀತಿಯ ಪುಟ್ಟಾ,

ನೀನು ಕಳಿಸಿದ ಹೋಟೆಲಿನ ಫೋಟೋ, ಅದರ ಕೆಳಗಿನ ದರ ಎರಡನ್ನೂ ನೋಡಿದೆ. ಜುಲೈಯಲ್ಲಿ ಮಸ್ಕತ್, ಅಲ್ಲಿಂದ ಮರಳುಗಾಡಿನಲ್ಲಿ ಒಂದು ರಾತ್ರಿ, ಜೊತೆಗೆ ಅಮ್ಮ. ನಿನ್ನ ಹುರುಪು ಕಂಡು ಸಂತೋಷವೇ ಆಯಿತು. ಆದರೆ ಕೊನೆಯಲ್ಲಿ ಬರೆದಿದ್ದೀಯಲ್ಲ, 'ಕಲಬುರಗಿಯಲ್ಲಿ 43 ಡಿಗ್ರಿ ನೋಡಿದವನಿಗೆ ಇದ್ಯಾವ ಲೆಕ್ಕ ದೊಡ್ಡಮ್ಮ' ಎಂದು, ಅದನ್ನು ಓದಿದ ಮೇಲೆ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಮಾತಾಡಿದರೆ ಜಗಳವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋಗುವುದು ಬಿಡುವುದು ನಿನಗೆ ಸೇರಿದ್ದು. ನಿನ್ನ ದುಡ್ಡು, ನಿನ್ನ ರಜೆ. ಆ ಊರಿನ ಸೆಕೆ ಎಂಥದೆಂದು ಹೇಳುವುದಷ್ಟೇ ನನ್ನ ಕೆಲಸ.

ಕಲಬುರಗಿಯದು ಒಣ ಬಿಸಿಲು. ಬೆವರು ಬಂದ ಹಾಗೇ ಆರುತ್ತದೆ, ಆರುವಾಗ ಮೈಯ ಕಾವನ್ನೂ ಎಳೆದುಕೊಂಡು ಹೋಗುತ್ತದೆ. ನೆರಳು ಸಿಕ್ಕರೆ ಬಚಾವು. ಮಸ್ಕತ್ತಿಗೆ ಬೆನ್ನಿಗೆ ಬೋಳು ಕಲ್ಲುಗುಡ್ಡ, ಎದುರಿಗೆ ಕಡಲು. ಹಗಲೆಲ್ಲ ಕಾದ ಬಂಡೆ ರಾತ್ರಿ ಕಾವು ಬಿಡುತ್ತದೆ, ಕಡಲಗಾಳಿ ತೇವ ಹೊತ್ತು ತರುತ್ತದೆ. ಬೆವರು ಇಳಿಯುತ್ತಲೇ ಇರುತ್ತದೆ, ಆರುವುದಿಲ್ಲ. ಮಸ್ಕತ್ತಿನ ಆಚೆ ಕಡಲ ದಂಡೆಯಲ್ಲಿ ಕುರಿಯಾತ್ ಎಂಬ ಊರಿದೆ. 2018ರ ಜೂನ್ ಕೊನೆಯ ವಾರದಲ್ಲಿ ಒಂದು ದಿನ ಅಲ್ಲಿ ಉಷ್ಣಾಂಶ ಹಗಲೂ ರಾತ್ರಿ ಸೇರಿ 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ನಿನ್ನ ಕಲಬುರಗಿಯ ನಡುಮಧ್ಯಾಹ್ನ ಅಲ್ಲಿಗೆ ನಡುರಾತ್ರಿ.

ನಾನು ನರ್ಸಾಗಿ ಮಸ್ಕತ್ತಿಗೆ ಹೋದದ್ದು 1983ರಲ್ಲಿ. ಮಂಗಳೂರಿನಿಂದ ಗಲ್ಫಿಗೆ ಆಗ ವಿಮಾನ ಎಲ್ಲಿತ್ತು? ಬೊಂಬಾಯಿಗೆ ಬಸ್ಸು, ಅಲ್ಲಿಂದ ವಿಮಾನ. ಮೊದಲ ಬೇಸಗೆಯಲ್ಲಿ ಕೇರಳದ ಹಿರಿಯ ಸಿಸ್ಟರ್ ಒಬ್ಬರು ನನಗೆ ಕಲಿಸಿದ ಮೊದಲ ಪಾಠ, ಗೀಸರಿನ ಸ್ವಿಚ್ ಆರಿಸುವುದು. ಚಾವಣಿಯ ಟ್ಯಾಂಕಿನಲ್ಲಿ ಕಾದ ನೀರು ನಲ್ಲಿಯಲ್ಲಿ ಕೈ ಸುಡುವಂತೆ ಬರುತ್ತಿತ್ತು. ಎಸಿ ಇರುವ ಮನೆಯೊಳಗೆ, ಆರಿಸಿಟ್ಟ ಗೀಸರಿನಲ್ಲಿ ನಿಂತು ತಣಿದ ನೀರೇ ಸ್ನಾನಕ್ಕೆ. ತಣ್ಣೀರು ಬೇಕೆಂದರೆ ಬಿಸಿನೀರಿನ ನಲ್ಲಿ ತಿರುಗಿಸಬೇಕು.

ಒಂದು ಜುಲೈ ಮಧ್ಯಾಹ್ನ ರಸ್ತೆ ಕೆಲಸದವರು ಹುಡುಗನೊಬ್ಬನನ್ನು ಪಿಕಪ್ಪಿನ ಹಿಂಬದಿಯಲ್ಲಿ ಮಲಗಿಸಿಕೊಂಡು ತಂದರು. ಥರ್ಮಾಮೀಟರಿನ ಪಾದರಸ 42ರ ಕೊನೆಯ ಗೆರೆ ಮುಟ್ಟಿತ್ತು. ಏನೋ ಬಡಬಡಿಸುತ್ತಿದ್ದ, ಯಾರಿಗೂ ತಿಳಿಯಲಿಲ್ಲ. ನಾನು ಕಿವಿಗೊಟ್ಟರೆ ಕನ್ನಡ. ಎತ್ತಿಗೆ ಇನ್ನೂ ನೀರು ತೋರಿಸಿಲ್ಲ, ನೀರು ತೋರಿಸಿ ಬರ್ತೀನಿ, ಬಿಡ್ರಿ ಎನ್ನುತ್ತಿದ್ದ. ಬಟ್ಟೆ ಕತ್ತರಿಸಿ ತೆಗೆದೆವು. ಒದ್ದೆ ಬೆಡ್‌ಶೀಟು ಹೊದಿಸಿ ಫ್ಯಾನು ತಿರುಗಿಸಿದೆವು, ಕಂಕುಳಿಗೆ ತೊಡೆಸಂದಿಗೆ ಐಸ್ ಇಟ್ಟೆವು. ಬದುಕಿದ. ಮೂತ್ರಪಿಂಡ ಚೇತರಿಸಿಕೊಳ್ಳಲು ವಾರಗಟ್ಟಲೆ ಹಿಡಿಯಿತು. ಅವನು ನಿನಗಿಂತ ಗಟ್ಟಿಮುಟ್ಟು, ಬಿಸಿಲಲ್ಲೇ ದುಡಿದು ಬೆಳೆದವನು. ಬಂದು ಇನ್ನೂ ವಾರ ತುಂಬಿರಲಿಲ್ಲ, ಅಷ್ಟೆ. ಹೊಸ ಸೆಕೆಗೆ ಒಗ್ಗಲು ಮೈಗೆ ಒಂದೆರಡು ವಾರ ಬೇಕು. ನಿನ್ನ ಪ್ಯಾಕೇಜಿರುವುದು ಐದು ದಿನಕ್ಕೆ.

ಈಗ ಅಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆಯ ತನಕ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವಿದೆ. ಅದೇ ಹೊತ್ತಿಗೆ ನಿನ್ನ ಪ್ಯಾಕೇಜಿನ ಪಟ್ಟಿಯಲ್ಲಿ 'ಮತ್ರಾ ಕಡಲದಂಡೆಯ ನಡಿಗೆ' ಎಂದಿದೆ. ಇದನ್ನು ಬರೆದವರು ಆ ದಂಡೆಯಲ್ಲಿ ಜುಲೈ ಮಧ್ಯಾಹ್ನ ನಡೆದವರಲ್ಲ.

ಅಮ್ಮನ ವಿಷಯಕ್ಕೆ ಬರುತ್ತೇನೆ. ನನಗೆ ನಿಜವಾಗಿ ಸಿಟ್ಟು ಬಂದದ್ದು ಇಲ್ಲಿ. ಅವಳು ಬಿಪಿಗೆ ನುಂಗುವ ಮಾತ್ರೆ ಮೂತ್ರ ಹೆಚ್ಚಿಸುವಂಥದ್ದು. ನೀರೂ ಹೋಗುತ್ತದೆ, ಉಪ್ಪೂ ಹೋಗುತ್ತದೆ. ಅದರ ಮೇಲೆ ಈ ಬೆವರು. ಹೊರಗೆ ಹೋದರೆ ಶೌಚಾಲಯಕ್ಕೆ ಹೆದರಿ ನೀರು ಕುಡಿಯುವುದನ್ನೇ ಬಿಡುವವಳು ಅವಳು. ಮಗನಾಗಿ ನಿನಗೆ ಇಷ್ಟೂ ಗೊತ್ತಿಲ್ಲವೆ? ತಲೆ ಸುತ್ತಿದರೂ ನಿನ್ನ ಖುಷಿ ಹಾಳಾಗುತ್ತದೆಂದು ಬಾಯಿ ಬಿಡುವುದಿಲ್ಲ. ರೂಮು ಅರ್ಧ ಬೆಲೆಗೆ ಸಿಕ್ಕಿತು ಎಂದು ಕುಣಿದೆಯಲ್ಲ, ಬೆಲೆ ಯಾಕೆ ಅರ್ಧಕ್ಕೆ ಇಳಿದಿದೆ ಎಂದು ಒಮ್ಮೆಯಾದರೂ ಕೇಳಿಕೊಂಡೆಯಾ?

ಬಿರುಸಾಗಿ ಬರೆದೆ, ಬೇಜಾರು ಮಾಡಿಕೊಳ್ಳಬೇಡ. ಅಮ್ಮನಿಗೆ ಹೊರದೇಶ ತೋರಿಸಬೇಕೆಂದು ನಿನಗೆ ಅನಿಸಿತಲ್ಲ, ಅದು ದೊಡ್ಡದು. ಅವಳು ನನ್ನ ಮದುವೆಗೆ ಮೊದಲಿನ ಪತ್ರಗಳಲ್ಲೆಲ್ಲ 'ಅಕ್ಕಾ, ಆ ಊರು ಹೇಗಿದೆ' ಎಂದೇ ಕೇಳುತ್ತಿದ್ದಳು. ಅದಕ್ಕೇ ಅವಳು ಅದನ್ನು ಸರಿಯಾಗಿ ನೋಡಲಿ ಎನ್ನುವುದು.

ಆ ದೇಶ ನನಗೆ ಅನ್ನ ಕೊಟ್ಟಿದೆ, ದೂರಲಾರೆ. ವಾರ್ಡಿನ ಒಮಾನಿ ಗೆಳತಿಯೊಬ್ಬಳು ಜನವರಿಯ ಒಂದು ಶುಕ್ರವಾರ ತನ್ನ ಅಣ್ಣನ ಕಾರಿನಲ್ಲಿ ನಿಜ್ವಾ ಎಂಬ ಊರಿಗೆ ಕರೆದೊಯ್ದಳು. ಬೆಳ್ಳಂಬೆಳಗ್ಗೆ ಕೋಟೆಯ ಹತ್ತಿರ ಆಡಿನ ಸಂತೆ. ಮಾರುವವರು ಆಡುಗಳನ್ನು ಹಿಡಿದು ವೃತ್ತದಲ್ಲಿ ಸುತ್ತು ಹಾಕುತ್ತಾರೆ, ಕೊಳ್ಳುವವರು ಕೂತಲ್ಲಿಂದಲೇ ಕೈ ಚಾಚಿ ಬೆನ್ನು ಹಿಸುಕಿ ನೋಡುತ್ತಾರೆ. ಆಮೇಲೆ ಅವಳು ದಾರಿಸ್ ಫಲಜ್ ತೋರಿಸಿದಳು. ಭೂಮಿಯೊಳಗಿನ ನೀರನ್ನು ಸುರಂಗದ ಇಳಿಜಾರಿನಲ್ಲೇ ಹರಿಸಿ ಊರಿಗೆ ತರುವ ಕಾಲುವೆ ಅದು, ಪಂಪು ಗಿಂಪು ಇಲ್ಲ. ಬೀದರಿನ ನೌಬಾದ್ ಕರೇಜ್, ನಮ್ಮ ಪುತ್ತೂರು ಬಂಟ್ವಾಳ ಕಡೆಯ ಗುಡ್ಡದ ಸುರಂಗಗಳ ಬಳಗಕ್ಕೇ ಸೇರಿದ್ದು. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎಂಬುದನ್ನು ಹಿಂದೆ ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಲೆಕ್ಕ ಹಾಕುತ್ತಿದ್ದರಂತೆ. 2006ರಲ್ಲಿ ಯುನೆಸ್ಕೊ ಇಂಥ ಐದು ಫಲಜ್‌ಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಇದೂ ಅದರಲ್ಲೊಂದು. ಖರ್ಜೂರದ ನೆರಳಿನಲ್ಲಿ ನೀರಿಗೆ ಕಾಲು ಇಳಿಬಿಟ್ಟು ಏಲಕ್ಕಿ ಹಾಕಿದ ಕಾಹ್ವಾ ಕುಡಿದೆವು. ಗೆಳತಿಯ ಅಜ್ಜಿ ನನ್ನ ಕೈಗೆ ಖರ್ಜೂರ ತುರುಕುತ್ತಲೇ ಇದ್ದಳು. ನಿನ್ನ ಅಮ್ಮನೂ ಅಲ್ಲಿ ಹಾಗೆ ಕೂರಬೇಕು. ಜುಲೈಯಲ್ಲಿ ಹೋದರೆ ಇಷ್ಟೆಲ್ಲವನ್ನೂ ಕಾರಿನ ಗಾಜಿನೊಳಗಿಂದ ನೋಡಿ ಬರುತ್ತೀರಿ.

ಡಿಸೆಂಬರಿನಲ್ಲಿ ರಜೆ ಸಿಗುವುದಿಲ್ಲ ಎಂದೆಯಲ್ಲ. ಜನವರಿ, ಫೆಬ್ರವರಿಯಲ್ಲಿ ಕೇಳು. ರಂಜಾನ್ ಯಾವಾಗ ಎಂದು ಮೊದಲೇ ನೋಡಿಕೋ, ಆ ತಿಂಗಳು ಹಗಲಲ್ಲಿ ಹೊರಗೆ ತಿನ್ನುವ ಕುಡಿಯುವ ಹಾಗಿಲ್ಲ. ಜುಲೈಯೇ ಆಗಬೇಕೆಂದು ಹಟವಿದ್ದರೆ ಮಸ್ಕತ್ ಬಿಟ್ಟು ದಕ್ಷಿಣದ ಸಲಾಲಾಕ್ಕೆ ಹೋಗು. ನಮ್ಮ ಮುಂಗಾರಿನ ಸೆರಗು ಅಲ್ಲಿಗೂ ತಾಗುತ್ತದೆ. ಗುಡ್ಡ ಹಸಿರಾಗಿ, ಮಂಜು ಕವಿದು, ಜಿಟಿಜಿಟಿ ಹನಿಯುತ್ತದೆ. ಗಲ್ಫಿನವರೆಲ್ಲ ಮಳೆ ನೋಡಲೆಂದೇ ಅಲ್ಲಿ ಸೇರುತ್ತಾರೆ. ಉಡುಪಿಯ ಮಳೆಗಾಲದಲ್ಲಿ ಹುಟ್ಟಿದ ನಿನ್ನ ಅಮ್ಮನಿಗೆ ಅದರಲ್ಲಿ ಹೊಸತೇನು ಕಾಣುವುದೋ, ನೀನೇ ಯೋಚಿಸು.

ಯಾವಾಗ ಹೋದರೂ ಸರಿ, ಅಮ್ಮನ ಬ್ಯಾಗನ್ನು ನೀನೇ ಕಟ್ಟು. ವಿಮಾನ ದುಬೈ ಮೇಲೆ ಹೋಗುವುದಾದರೆ ಗಸಗಸೆ ಒಂದು ಚಿಟಿಕೆಯೂ ಇರಬಾರದು, ಅಲ್ಲಿ ಅದು ನಿಷಿದ್ಧ. ಕೆಮ್ಮಿನ ಔಷಧಿ, ನೋವಿನ ಮಾತ್ರೆಯಲ್ಲಿ ಕೋಡೀನ್, ಟ್ರಮಡಾಲ್ ಇದೆಯೇ ನೋಡು.

ಟಿಕೆಟ್ ಮುಂದೂಡಲು ದಂಡ ಕಟ್ಟಬೇಕಾದರೆ ನಾನು ಕಟ್ಟುತ್ತೇನೆ, ಮಾತಾಡಬೇಡ. ಅಮ್ಮ ಈಗ ನುಂಗುತ್ತಿರುವ ಮಾತ್ರೆಗಳ ಚೀಟಿಯ ಫೋಟೋ ತೆಗೆದು ಇವತ್ತು ರಾತ್ರಿಯೊಳಗೆ ಕಳಿಸು.

ಇತಿ,
ನಿನ್ನ ದೊಡ್ಡಮ್ಮ