ತಂತ್ರಾಂಶದ ಪ್ಯಾಕೇಜುಗಳು: ಜೋಡಣೆ ಮತ್ತು ಪರಿಷ್ಕರಣೆಯ ಕ್ರಮ

ತಮ್ಮ ವ್ಯವಹಾರಕ್ಕೆಂದೇ ಬರೆಸಿಕೊಂಡ ಬಿಲ್ಲಿಂಗ್ ಅಥವಾ ದಾಸ್ತಾನು ತಂತ್ರಾಂಶವನ್ನು ಬಳಸುವ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಅಂಗಡಿಯ ಗಣಕಯಂತ್ರವು ನಾಳೆ ಸಿಡಿಲಿಗೆ ಸುಟ್ಟುಹೋದರೆ, ಅದೇ ತಂತ್ರಾಂಶವನ್ನು ಇನ್ನೊಂದು ಯಂತ್ರದಲ್ಲಿ ಎಷ್ಟು ದಿನದಲ್ಲಿ ನಡೆಸಬಹುದು? ಲೆಕ್ಕದ ದತ್ತಾಂಶದ ಪ್ರತಿ ಪೆನ್‌ಡ್ರೈವ್‌ನಲ್ಲಿ ಇದ್ದರಷ್ಟೇ ಸಾಲದು; ಅದನ್ನು ಓದಬಲ್ಲ ತಂತ್ರಾಂಶವೂ ಮತ್ತೆ ಎದ್ದು ನಿಲ್ಲಬೇಕು.

ಪ್ಯಾಕೇಜ್ ಎಂದರೇನು?

ತಂತ್ರಜ್ಞನು ಎಲ್ಲವನ್ನೂ ತಾನೇ ಬರೆಯುವುದಿಲ್ಲ. ಬಿಲ್ ಮುದ್ರಣ, ಎಕ್ಸೆಲ್ ಹಾಳೆ ಮುಂತಾದವುಗಳಿಗೆ ಇತರರು ಬರೆದಿಟ್ಟ ಸಿದ್ಧ ಭಾಗಗಳನ್ನು ಅಂತರ್ಜಾಲದಿಂದ ಪಡೆದು ಜೋಡಿಸುತ್ತಾನೆ. ಇವೇ ಪ್ಯಾಕೇಜುಗಳು. ಒಂದು ಪ್ಯಾಕೇಜ್ ಮತ್ತೆ ಹಲವು ಪ್ಯಾಕೇಜುಗಳನ್ನು ಅವಲಂಬಿಸಿರುತ್ತದೆ.

ಅಡಿಕೆ ವ್ಯಾಪಾರದಲ್ಲಿ ‘ಚಾಲಿ’ ಎಂದಷ್ಟೇ ಬರೆದರೆ ದರ ತಿಳಿಯದು. ಹೊಸತೋ, ಸಿಂಗಲ್ ಚೋಲೋ, ಡಬಲ್ ಚೋಲೋ ಎಂಬುದನ್ನು ನಮೂದಿಸಬೇಕು. ಅಂತೆಯೇ ಪ್ಯಾಕೇಜಿನ ಹೆಸರಿನೊಡನೆ ಅದರ ಆವೃತ್ತಿ ಸಂಖ್ಯೆಯೂ ಬೇಕು. 2.4.1 ಎಂಬಲ್ಲಿ ಕೊನೆಯ ಅಂಕಿ ದೋಷ ನಿವಾರಣೆಯನ್ನೂ, ನಡುವಣದ್ದು ಹೊಸ ಸೌಲಭ್ಯವನ್ನೂ, ಮೊದಲನೆಯದು ಹಳೆಯದರೊಡನೆ ಹೊಂದದ ಬದಲಾವಣೆಯನ್ನೂ ಸೂಚಿಸುವುದು ರೂಢಿ. ಎಲ್ಲರೂ ಈ ರೂಢಿಯನ್ನು ಪಾಲಿಸುವುದಿಲ್ಲವಾದ್ದರಿಂದ ಪರೀಕ್ಷೆ ಅನಿವಾರ್ಯ.

ಎರಡು ಪಾಠಗಳು

2016ರ ಮಾರ್ಚ್‌ನಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ 11 ಸಾಲುಗಳ ಪ್ಯಾಕೇಜನ್ನು ಅದರ ಕರ್ತೃವು ಎನ್‌ಪಿಎಮ್ ಭಂಡಾರದಿಂದ ಹಿಂತೆಗೆದುಕೊಂಡಾಗ, ಜಗತ್ತಿನಾದ್ಯಂತ ಅಸಂಖ್ಯ ತಂತ್ರಾಂಶಗಳ ಜೋಡಣೆ ನಿಂತುಹೋಯಿತು. 2021ರ ಡಿಸೆಂಬರ್‌ನಲ್ಲಿ ‘ಲಾಗ್4ಜೆ’ ಎಂಬ ಪ್ಯಾಕೇಜಿನಲ್ಲಿ ಗಂಭೀರ ಭದ್ರತಾ ದೋಷ ಬೆಳಕಿಗೆ ಬಂದಾಗ, ತಮ್ಮಲ್ಲಿ ಅದು ಇದೆಯೇ ಎಂಬುದನ್ನು ಹುಡುಕುವುದೇ ಹಲವು ಸಂಸ್ಥೆಗಳಿಗೆ ದೊಡ್ಡ ಕೆಲಸವಾಯಿತು. ಬೇಕಾದಾಗ ಅಂತರ್ಜಾಲದಲ್ಲಿ ಸಿಕ್ಕೇ ಸಿಗುವುದೆಂದು ನಂಬುವುದೂ ತಪ್ಪು. ಹಳೆಯದನ್ನೇ ಸದಾ ಉಳಿಸಿಕೊಳ್ಳುವುದೂ ತಪ್ಪು.

ಜೋಡಣೆಯ ಕ್ರಮ

1. ಪ್ರತಿ ತಂತ್ರಾಂಶಕ್ಕೂ ಪ್ರತ್ಯೇಕ ಪರಿಸರವಿರಲಿ. ಪೈಥಾನ್ ಭಾಷೆಯಲ್ಲಿ ‘ವೆನ್ವ್’ ಎಂಬ ಈ ಸೌಲಭ್ಯ 2012ರಿಂದಲೇ ಅಡಕವಾಗಿದೆ. ಹೀಗೆ ಮಾಡಿದರೆ ಒಂದಕ್ಕಾಗಿ ಮಾಡಿದ ಬದಲಾವಣೆ ಇನ್ನೊಂದನ್ನು ಕೆಡಿಸುವುದಿಲ್ಲ.

2. ನೇರ ಹಾಗೂ ಪರೋಕ್ಷ ಪ್ಯಾಕೇಜುಗಳೆಲ್ಲವನ್ನೂ ನಿಖರ ಆವೃತ್ತಿಯೊಡನೆ ಪಟ್ಟಿ ಮಾಡಿಸಬೇಕು. ಇದಕ್ಕೆ ಲಾಕ್ ಫೈಲ್ ಎಂದು ಹೆಸರು.

3. ಆ ಪ್ಯಾಕೇಜ್ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕ್‌ನಲ್ಲಿ ಇರಿಸಬೇಕು. ಮಳೆಗಾಲದಲ್ಲಿ ಸುಳ್ಯ, ಕಡಬದ ಒಳಭಾಗಗಳಲ್ಲಿ ಅಂತರ್ಜಾಲ ಕಡಿತವಾದಾಗ ಇದೇ ಆಸರೆ. ಯಾವ ಆಪರೇಟಿಂಗ್ ಸಿಸ್ಟಮ್‌ಗೆ ಸಂಬಂಧಿಸಿದ್ದೆಂದು ಬರೆದಿಡಬೇಕು.

ಪರಿಷ್ಕರಣೆಯ ಕ್ರಮ

ಪರಿಷ್ಕರಣೆಯನ್ನು ಶಾಶ್ವತವಾಗಿ ತಪ್ಪಿಸಿಕೊಳ್ಳಲಾಗದು. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿಗೆ ಮೀರಿದ ವಾರ್ಷಿಕ ವಹಿವಾಟಿನವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. 2025ರ ಸೆಪ್ಟೆಂಬರ್ 22ರಿಂದ ಚಾಕೊಲೇಟ್ ಮೇಲಿನ ಜಿಎಸ್‌ಟಿ 18ರಿಂದ 5 ಶೇಕಡಾಕ್ಕೂ, ಸಿಮೆಂಟಿನದು 28ರಿಂದ 18 ಶೇಕಡಾಕ್ಕೂ ಇಳಿಯಿತು. ಇಂಥ ಬದಲಾವಣೆಗಳಿಗೆ ತಂತ್ರಾಂಶವೂ ಹೊಂದಿಕೊಳ್ಳಬೇಕು.

ಮೊದಲು ದತ್ತಾಂಶದ ಪ್ರತಿ ತೆಗೆಯಬೇಕು. ಹಳೆಯ ಪರಿಸರವನ್ನು ಮುಟ್ಟದೆ ಅದರ ಪಕ್ಕದಲ್ಲಿ ಹೊಸತನ್ನು ನಿರ್ಮಿಸಿ, ದತ್ತಾಂಶದ ಪ್ರತಿಯ ಮೇಲೆಯೇ ಪರೀಕ್ಷಿಸಬೇಕು. ಕಳೆದ ತಿಂಗಳ ಹತ್ತು ಬಿಲ್ಲುಗಳು, ತೆರಿಗೆಯ ಮೊತ್ತ, ದಾಸ್ತಾನಿನ ಶಿಲ್ಕು, ಕನ್ನಡ ಅಕ್ಷರಗಳ ಮುದ್ರಣ ಇವೆಲ್ಲ ಹಳೆಯದರೊಡನೆ ತಾಳೆಯಾದ ಮೇಲೆ ಹೊಸತಕ್ಕೆ ಬದಲಾಗಬಹುದು. ಹಳೆಯ ಪರಿಸರವನ್ನು ಒಂದು ತಿಂಗಳಾದರೂ ಉಳಿಸಬೇಕು. ಹೊಸ ಆವೃತ್ತಿಯು ದತ್ತಾಂಶದ ರಚನೆಯನ್ನೇ ಮಾರ್ಪಡಿಸಿದ್ದರೆ, ಹಿಂದಿರುಗಲು ಪರಿಷ್ಕರಣೆಗೆ ಮುನ್ನಿನ ದತ್ತಾಂಶವೂ ಬೇಕಾಗುತ್ತದೆ. ನಡುವೆ ಬರೆದ ಬಿಲ್ಲುಗಳನ್ನು ಮತ್ತೆ ದಾಖಲಿಸಬೇಕಾಗುತ್ತದೆ.

ಮಾಸಿಕ ರಿಟರ್ನ್ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ಕ್ಕೆ 11, ಜಿಎಸ್‌ಟಿಆರ್-3ಬಿಗೆ 20 ಕೊನೆಯ ದಿನಾಂಕಗಳಾದ್ದರಿಂದ, ಈ ಕೆಲಸವನ್ನು 20ರ ನಂತರ ಇಟ್ಟುಕೊಳ್ಳುವುದು ಕ್ಷೇಮ.

ಮಾಲೀಕರ ಹೊಣೆ

ತಂತ್ರಜ್ಞನು ಬೆಂಗಳೂರಿಗೆ ತೆರಳಿದರೂ ವ್ಯವಹಾರ ನಿಲ್ಲಬಾರದು. ಆದುದರಿಂದ ಮೂಲ ಸಂಕೇತ, ಪ್ಯಾಕೇಜ್ ಪಟ್ಟಿ, ಜೋಡಣೆಯ ಲಿಖಿತ ಕ್ರಮ ಈ ಮೂರನ್ನೂ ಪಡೆದ ನಂತರವೇ ಕೊನೆಯ ಕಂತು ಪಾವತಿಸುವುದಾಗಿ ಕರಾರಿನಲ್ಲಿ ಬರೆಸಿಕೊಳ್ಳಬೇಕು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುನ್ನ, ಬೇರೊಬ್ಬ ತಂತ್ರಜ್ಞನಿಂದ ಈ ಮೂರರ ಆಧಾರದಲ್ಲೇ ಖಾಲಿ ಯಂತ್ರವೊಂದರಲ್ಲಿ ತಂತ್ರಾಂಶವನ್ನು ಜೋಡಿಸಿ ನೋಡಿಸಬೇಕು. ಅದು ಸಾಧ್ಯವಾದರೆ ಮಾತ್ರ ತಂತ್ರಾಂಶವು ನಿಜವಾಗಿ ತಮ್ಮದಾಗಿದೆ ಎಂದು ತಿಳಿಯಬಹುದು.