ವೀಣೆಗೆ ಹಲಸೋ, ಬೀಟೆಯೋ?

ಮಂಡ್ಯ, ಮದ್ದೂರು, ಮಳವಳ್ಳಿಗಳ ಹಿತ್ತಲುಗಳಲ್ಲಿ ಹಣ್ಣಿಗಾಗಿ ಬೆಳೆಸುವ ಹಲಸಿನ ಮರದಿಂದಲೇ ವೀಣೆಯನ್ನೂ ನಿರ್ಮಿಸುತ್ತಾರೆ. ಬೀಟೆಯ ವೀಣೆಗಳೂ ಉಂಟು. ಹಲಸು ಕೊಯ್ದಾಗ ಹಳದಿ, ಕಾಲಕ್ರಮದಲ್ಲಿ ಕಂದುಗಟ್ಟುತ್ತದೆ. ಕಪ್ಪು ಗೆರೆಗಳಿಂದ ಶೋಭಿಸುವ ಬೀಟೆ ನೋಟಕ್ಕೆ ಮೇಲೆನ್ನೋಣ. ನಾದಕ್ಕೂ ಮೇಲೆ?

ತಂತಿ ತೀರ ತೆಳು. ತಾನೊಂದೇ ಗಾಳಿಯನ್ನು ಹೆಚ್ಚು ಕಲಕಲಾರದು. ಅದರ ಕಂಪನವು ಕುದುರೆಯ ಮೂಲಕ ಕೊಡದ ಮೇಲುಹಲಗೆಗಿಳಿದು, ಹಲಗೆ ಗಾಳಿಯನ್ನು ನಡುಗಿಸಿದಾಗಲೇ ನಮಗೆ ನಾದ ಚೆನ್ನಾಗಿ ಕೇಳುವುದು. ಒಂದು ಘನ ಸೆಂಟಿಮೀಟರ್ ಹಲಸಿನ ತೂಕ ಸುಮಾರು 0.6 ಗ್ರಾಂ, ಬೀಟೆಯದು ಸುಮಾರು 0.85. ಹಲಗೆ ಹಗುರವೂ ಗಡುಸೂ ಆಗಿದ್ದರೆ ಸುಲಭವಾಗಿ ನಡುಗುತ್ತದೆ: ನಾದ ಜೋರು, ಆದರೆ ತಂತಿಯ ಶಕ್ತಿ ಬೇಗ ವ್ಯಯವಾಗುತ್ತದೆ. ಅಷ್ಟೇ ದಪ್ಪದ ಭಾರವಾದ ಹಲಗೆ ಆ ಶಕ್ತಿಯನ್ನು ಜಿಪುಣನಂತೆ ವೆಚ್ಚಮಾಡುತ್ತದೆ: ನಾದ ಮೆಲು, ಬಾಳಿಕೆ ಹೆಚ್ಚು. ಕುಶಲಿಯಾದ ಬಡಗಿ ಹಲಗೆಯನ್ನು ತೆಳುವಾಗಿ ಹೆರೆದರೆ ಈ ಲೆಕ್ಕವೇ ಬದಲಾದೀತು!

ವಿದ್ಯುತ್ ಬಾಸ್ ಗಿಟಾರಿನ ಮಾತು ಬೇರೆ. ಅಲ್ಲಿ ಉಕ್ಕಿನ ತಂತಿಯ ಚಲನೆಯನ್ನು ಕಾಂತವೂ ತಾಮ್ರದ ಸುರುಳಿಯೂ ನೇರವಾಗಿ ಗ್ರಹಿಸುವುದರಿಂದ ಮರದ ಪಾತ್ರ ಬಹಳ ಕಿರಿದು. ಬೀಟೆಗೆ ತೆರುವ ಹಣ ಮುಖ್ಯವಾಗಿ ಕಣ್ಣಿನ ಸುಖಕ್ಕೆಂದೇ ನನ್ನ ಎಣಿಕೆ.

ಒಂದೇ ಅಳತೆಯ ಎರಡು ಹಲಗೆಗಳನ್ನು, ಹಲಸಿನದೊಂದು ಬೀಟೆಯದೊಂದು, ದಾರದಲ್ಲಿ ತೂಗಿಬಿಟ್ಟು ಬೆರಳಗೆಣ್ಣಿನಿಂದ ತಟ್ಟಿ ಕೇಳಿರಿ. ಯಾವುದು ಹೆಚ್ಚು ಹೊತ್ತು ಮೊಳಗುತ್ತದೆಂದು ಗುರುತು ಹಾಕಿಕೊಳ್ಳಿರಿ.