ಆಪತ್ಕಾಲದ ಸಹಾಯ: ವಿಕಲಚೇತನರ ರಕ್ಷಣೆಯನ್ನು ಕುರಿತು ಒಂದು ವಿಚಾರ

'ಸಹಾಯ' ಎಂಬುದು ಕನ್ನಡದಲ್ಲಿ ನಿತ್ಯವೂ ಬಳಕೆಯಾಗುವ ತತ್ಸಮ ಶಬ್ದಗಳಲ್ಲೊಂದು. 'ಸಹ' ಎಂದರೆ ಕೂಡ, ಜೊತೆಯಲ್ಲಿ. 'ಅಯ' ಎಂದರೆ ಹೋಗುವಿಕೆ. ಜೊತೆಯಲ್ಲಿ ಹೋಗುವವನು ಎಂಬುದೇ ಇದರ ಮೂಲಾರ್ಥ. ನೆರವು, ಉಪಕಾರ ಎಂಬ ಅರ್ಥಗಳು ಅದರಿಂದ ಬೆಳೆದು ಬಂದವು. ಸುಭಿಕ್ಷಕಾಲದಲ್ಲಿ ಈ ಮೂಲಾರ್ಥವನ್ನು ಮರೆತರೂ ವ್ಯವಹಾರ ನಡೆದೀತು. ನೆರೆ, ಬೆಂಕಿ, ಭೂಕಂಪಗಳು ಬಂದೊದಗಿದಾಗ ಮಾತ್ರ, ವಿಕಲಚೇತನರ ಪಾಲಿಗೆ, ಜೊತೆಯಲ್ಲಿ ಹೋಗುವವನೊಬ್ಬನು ಇದ್ದನೇ ಇಲ್ಲವೇ ಎಂಬುದೇ ಜೀವನ್ಮರಣದ ಪ್ರಶ್ನೆಯಾಗುತ್ತದೆ.

ಜಪಾನಿನ ನಿದರ್ಶನವು ಇದಕ್ಕೆ ಸಾಕ್ಷಿ. 2011ರ ಮಾರ್ಚ್ 11ರಂದು ಆ ದೇಶದ ಈಶಾನ್ಯ ಕರಾವಳಿಯಲ್ಲಿ ಭೂಕಂಪವಾಗಿ, ಅದರ ಬೆನ್ನಲ್ಲೇ ಸುನಾಮಿ ಅಲೆಗಳು ಅಪ್ಪಳಿಸಿದವು. 18 ಸಾವಿರಕ್ಕೂ ಹೆಚ್ಚು ಜನರು ಮೃತರಾದರು ಇಲ್ಲವೆ ಕಾಣೆಯಾದರು. ತೀರದ ಊರುಗಳಲ್ಲಿ ವಿಕಲಚೇತನರ ಮರಣ ಪ್ರಮಾಣವು ಇತರರಿಗಿಂತ ಸುಮಾರು ಎರಡು ಪಟ್ಟು ಇತ್ತೆಂದು ಅನಂತರದ ಸಮೀಕ್ಷೆಗಳು ತಿಳಿಸಿದವು. ಅಲೆಯು ಎಲ್ಲರಿಗೂ ಒಂದೇ ಆಗಿತ್ತು. ಎತ್ತರದ ನೆಲೆಗೆ ಓಡುವ ಶಕ್ತಿ ಮಾತ್ರ ಎಲ್ಲರಿಗೂ ಒಂದೇ ಆಗಿರಲಿಲ್ಲ. ಜನರನ್ನು ಎಚ್ಚರಿಸಿ ಕರೆದೊಯ್ಯುವುದೇ ಮೊದಲಾದ ಕರ್ತವ್ಯಗಳಲ್ಲಿ ತೊಡಗಿದ್ದ 200ಕ್ಕೂ ಹೆಚ್ಚು ಸ್ವಯಂಸೇವಕ ಅಗ್ನಿಶಾಮಕರೂ ಅಂದು ಪ್ರಾಣ ತೆತ್ತರು. ಧೈರ್ಯವೊಂದೇ ಸಾಲದು, ಪೂರ್ವಸಿದ್ಧತೆ ಬೇಕು ಎಂಬ ಪಾಠವನ್ನು ಆ ದೇಶವು ಇದರಿಂದ ಕಲಿಯಿತು. ಒಬ್ಬರೇ ಸ್ಥಳ ಬಿಟ್ಟು ಹೋಗಲಾರದವರ ಪಟ್ಟಿಯನ್ನು ಪ್ರತಿಯೊಂದು ಊರಾಡಳಿತವೂ ಇಡಬೇಕೆಂದು 2013ರಲ್ಲಿ ಶಾಸನವನ್ನು ತಿದ್ದಲಾಯಿತು. ಅಂತಹ ಪ್ರತಿಯೊಬ್ಬರಿಗೂ ಯಾರು ನೆರವಾಗಬೇಕು, ಎಲ್ಲಿಗೆ ಕರೆದೊಯ್ಯಬೇಕು ಎಂಬ ಪ್ರತ್ಯೇಕ ಯೋಜನೆಯನ್ನು ರೂಪಿಸಲು ಯತ್ನಿಸಬೇಕೆಂದು 2021ರಲ್ಲಿ ವಿಧಿಸಲಾಯಿತು.

ಭಾರತದಲ್ಲಿಯೂ ಇದಕ್ಕೆ ಶಾಸನದ ಆಧಾರವಿದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 8ನೆಯ ಪ್ರಕರಣವು, ಪ್ರಕೃತಿ ವಿಕೋಪಗಳಲ್ಲಿ ಇತರರಿಗೆ ಸಮನಾದ ರಕ್ಷಣೆಯನ್ನು ಅವರ ಹಕ್ಕೆಂದು ಸಾರುತ್ತದೆ. ಜಿಲ್ಲೆಯಲ್ಲಿರುವ ವಿಕಲಚೇತನರ ವಿವರಗಳನ್ನು ದಾಖಲಿಸಿಟ್ಟು, ಅಪಾಯವನ್ನು ಅವರಿಗೆ ತಕ್ಕ ರೀತಿಯಲ್ಲಿ ತಿಳಿಸುವ ಹೊಣೆಯನ್ನು ಅದು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ವಹಿಸಿದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಇಂತಹವರ ಸಂಖ್ಯೆ 13 ಲಕ್ಷಕ್ಕೂ ಅಧಿಕ.

ಪಟ್ಟಿಯು ಕಚೇರಿಯಲ್ಲಿದ್ದ ಮಾತ್ರಕ್ಕೆ ಕಾರ್ಯ ಮುಗಿಯದು. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ, ಕೃಷ್ಣೆ, ಮಲಪ್ರಭೆ ಮೊದಲಾದ ನದಿಗಳು ಉಕ್ಕಿ ಉತ್ತರ ಕರ್ನಾಟಕದ ಅನೇಕ ಊರುಗಳು ಜಲಾವೃತವಾದುದು ಎಲ್ಲರಿಗೂ ವಿದಿತವೇ ಇದೆ. ನದಿಯ ನೆರೆಯಲ್ಲಿ ಸಾಮಾನ್ಯವಾಗಿ ಕೆಲವು ಗಂಟೆಗಳ ಮುನ್ಸೂಚನೆ ದೊರೆಯುತ್ತದೆ. ಆದರೆ ಊರು ಬಿಡಿರೆಂದು ಸಾರುವ ಡಂಗುರವು ಕಿವಿ ಕೇಳದವರಿಗೆ ಮುಟ್ಟುವುದಿಲ್ಲ. ಗೋಡೆಗೆ ಅಂಟಿಸಿದ ಪ್ರಕಟಣೆಯು ಕಣ್ಣು ಕಾಣದವರಿಗೆ ಕಾಣುವುದಿಲ್ಲ. ಎರಡೂ ಮುಟ್ಟಿದರೂ ಹಾಸಿಗೆ ಹಿಡಿದವರು ಏಳಲಾರರು. ಆದುದರಿಂದ ಒಬ್ಬೊಬ್ಬರಿಗೂ ನೆರೆಮನೆಯ ಇಬ್ಬರನ್ನು ಹೆಸರು ಹಿಡಿದು ಮೊದಲೇ ಗೊತ್ತುಮಾಡಿರಬೇಕು. ಒಬ್ಬನೇ ಆದರೆ ಅವನು ಹೊಲಕ್ಕೋ ಸಂತೆಗೋ ಹೋಗಿರಬಹುದು. ಎಲ್ಲರೂ ಹೊಣೆಗಾರರೆಂದರೆ ಯಾರೂ ಹೊಣೆಗಾರರಾಗುವುದಿಲ್ಲ ಎಂಬುದು ಲೋಕಾನುಭವ.

ನೆರವಿನ ಕ್ರಮ

ನೆರವಿಗೆ ಹೋದವರು ಮೊದಲು ಮಾಡಬೇಕಾದುದು ಕೇಳುವುದು. ತಮ್ಮ ದೇಹವನ್ನು ಹೇಗೆ ಎತ್ತಬೇಕು, ಎಲ್ಲಿ ಹಿಡಿಯಬಾರದು ಎಂಬುದನ್ನು ವಿಕಲಚೇತನರಷ್ಟು ಬಲ್ಲವರು ಬೇರೆ ಯಾರೂ ಇಲ್ಲ.

ಅಂಧರನ್ನು ಕೈಹಿಡಿದು ಎಳೆಯಬಾರದು, ಹಿಂದಿನಿಂದ ನೂಕಬಾರದು. ತನ್ನ ಹೆಸರು ಹೇಳಿ, ತನ್ನ ಮೊಣಕೈಯ ಮೇಲ್ಭಾಗವನ್ನು ಅವರು ಹಿಡಿದುಕೊಳ್ಳುವಂತೆ ಮಾಡಿ, ಅರ್ಧ ಹೆಜ್ಜೆ ಮುಂದೆ ನಡೆಯಬೇಕು. ಮೆಟ್ಟಿಲು, ಕೆಸರು, ನೀರಿನ ಆಳಗಳನ್ನು ಬಾಯಿಬಿಟ್ಟು ಹೇಳುತ್ತಿರಬೇಕು.

ಕಿವುಡರೊಡನೆ ಮಾತನಾಡುವಾಗ ಮುಖದ ಮೇಲೆ ಬೆಳಕು ಬೀಳುವಂತೆ ಎದುರಿಗೆ ನಿಲ್ಲಬೇಕು. ಅಕ್ಷರ ಬಲ್ಲವರಾದರೆ ಎರಡು ಶಬ್ದ ಬರೆದು ತೋರಿಸುವುದು, ಅಲ್ಲದವರಾದರೆ ಕೈಸನ್ನೆ ಮಾಡುವುದು, ಕೂಗುವುದಕ್ಕಿಂತ ಮೇಲು.

ನಡೆಯಲಾರದವರನ್ನು ಎತ್ತುವುದಕ್ಕೆ, ಇಬ್ಬರು ಪರಸ್ಪರ ಮಣಿಕಟ್ಟು ಹಿಡಿದು ಮಾಡುವ ನಾಲ್ಕು ಕೈಗಳ ಪೀಠವು ಮಕ್ಕಳಾಟದಿಂದ ಎಲ್ಲರಿಗೂ ಪರಿಚಿತವಾದುದು. ಆದರೆ ಕುಳಿತವರು ಹೊತ್ತವರ ಹೆಗಲನ್ನು ಹಿಡಿದುಕೊಳ್ಳಲು ಶಕ್ತರಾಗಿದ್ದರೆ ಮಾತ್ರ ಇದು ಯೋಗ್ಯ. ತೋಳಿನ ಬಲವಿಲ್ಲದವರನ್ನು ಬೆನ್ನಾಸರೆಯುಳ್ಳ ಗಟ್ಟಿಯಾದ ಕುರ್ಚಿಯಲ್ಲಿ ಕೂರಿಸಿ, ಎದೆಯ ಸುತ್ತ ಪಂಚೆಯಿಂದ ಸಡಿಲವಾಗಿ ಕಟ್ಟಿ, ಹಿಂದೊಬ್ಬರು ಮುಂದೊಬ್ಬರು ಹಿಡಿದು ಸಾಗಿಸಬೇಕು.

ಗಾಲಿಕುರ್ಚಿ, ಊರುಗೋಲು, ಶ್ರವಣಯಂತ್ರಗಳನ್ನು ಸಾಮಾನಿನ ಗಂಟುಗಳೊಡನೆ ಎಣಿಸತಕ್ಕದ್ದಲ್ಲ. ಅವು ಅವರ ಕಾಲು, ಕಿವಿಗಳೇ ಆಗಿವೆ. ದೋಣಿಯಲ್ಲಿ ಸ್ಥಳವಿಲ್ಲದಿದ್ದರೆ ಮುಂದಿನ ದೋಣಿಯಲ್ಲಾದರೂ ಅವು ಬರಬೇಕು. ನಿತ್ಯದ ಔಷಧಿಯನ್ನೂ ಗುರುತಿನ ಚೀಟಿಯನ್ನೂ ಒಂದು ಚೀಲದಲ್ಲಿ ಮೊದಲೇ ಸಿದ್ಧವಾಗಿಡುವುದು ಉಚಿತ.

ಬುದ್ಧಿಮಾಂದ್ಯವುಳ್ಳವರು ಗದ್ದಲಕ್ಕೆ ಬೆದರಿ ಅವಿತುಕೊಳ್ಳುವುದುಂಟು. ಪರಿಚಿತರಾದವರೇ ಹೋಗಿ, ಚಿಕ್ಕ ಮಾತುಗಳಲ್ಲಿ ಹೇಳಿ, ಅವರನ್ನು ಮನೆಯವರಿಂದ ಅಗಲಿಸದೆ ಕರೆತರಬೇಕು.

ಶಾಲೆಯ ಪಾತ್ರ

ಜನರನ್ನು ನೀರಿನಿಂದ ಪಾರುಮಾಡಿ ಕರೆತರುವುದು ಬಹುಮಟ್ಟಿಗೆ ಶಾಲೆಗಳಿಗೆ. ಹಿಂದೆ ಗಂಜಿ ಕೇಂದ್ರವೆಂದು ಕರೆಯಲ್ಪಡುತ್ತಿದ್ದ, ಈಗ ಕಾಳಜಿ ಕೇಂದ್ರವೆನಿಸಿದ ಆಶ್ರಯಸ್ಥಾನಗಳು ಅನೇಕ ವೇಳೆ ಶಾಲಾ ಕಟ್ಟಡಗಳಲ್ಲಿಯೇ ತೆರೆಯುತ್ತವೆ. ಮಠಗಳೂ ವಿದ್ಯಾಸಂಸ್ಥೆಗಳೂ ಸಂತ್ರಸ್ತರಿಗೆ ಬಾಗಿಲು ತೆರೆದು ಅನ್ನವಿಕ್ಕುವುದು ಈ ನಾಡಿಗೆ ಹೊಸದಲ್ಲ. ಆದರೆ ಬಾಗಿಲಿಗೆ ನಾಲ್ಕು ಮೆಟ್ಟಿಲುಗಳಿದ್ದರೆ, ಬಾಗಿಲು ತೆರೆದಿದ್ದರೂ ಗಾಲಿಕುರ್ಚಿಯವರಿಗೆ ಅದು ಮುಚ್ಚಿದಂತೆಯೇ ಸರಿ. ಶೌಚಾಲಯಕ್ಕೆ ಹೋಗಲಾರದ ಸ್ತ್ರೀಯು, ಕೇಳಲು ನಾಚಿ, ನೀರನ್ನೂ ಅನ್ನವನ್ನೂ ಬಿಟ್ಟು ಕುಳಿತಿರಬೇಕಾಗುತ್ತದೆ. ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶಜ್ಞಾನವನ್ನು ಕಳೆದುಕೊಂಡವರು ಬರಿಯ ನೆಲದ ಮೇಲೆ ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಅವರಿಗೆ ಅರಿವಿಲ್ಲದೆಯೇ ಹುಣ್ಣಾಗುತ್ತದೆ; ಎರಡು ಗಂಟೆಗೊಮ್ಮೆಯಾದರೂ ಅವರ ಮಗ್ಗುಲು ಬದಲಿಸುವವರು ಇರಬೇಕು.

ಇದಕ್ಕೆ ಬೇಕಾದ ವ್ಯವಸ್ಥೆಯು ಅಸಾಧ್ಯವಾದುದಲ್ಲ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ದಾರಿ, ಮೂರಡಿ ಅಗಲದ ಬಾಗಿಲುಳ್ಳ ಒಂದು ಶೌಚಾಲಯ, ಗೋಡೆಗೆ ಹಿಡಿಕಂಬಿ: ಇಷ್ಟಿದ್ದರೆ ಆಪತ್ಕಾಲದಲ್ಲಿ ಸಂತ್ರಸ್ತರಿಗೂ, ಉಳಿದ ಕಾಲದಲ್ಲಿ ವಿಕಲಚೇತನ ವಿದ್ಯಾರ್ಥಿಗಳಿಗೂ ಉಪಯೋಗ. ಕೊಠಡಿಗಳನ್ನು ಕಟ್ಟಿಸಿಕೊಟ್ಟ ದಾನಿಗಳು ಈ ಅಲ್ಪವ್ಯಯವನ್ನೂ ತಮ್ಮ ದಾನದಲ್ಲಿ ಸೇರಿಸಿಕೊಳ್ಳುವುದು ಯುಕ್ತ. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಓಣಿಯಲ್ಲಿ ಒಬ್ಬರೇ ಮನೆ ಬಿಟ್ಟು ಬರಲಾರದವರು ಯಾರೆಂದು ವಿಚಾರಿಸಿ, ಅವರ ಒಪ್ಪಿಗೆ ಪಡೆದು, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ತಿಳಿಸಬಹುದು. ಶಿಕ್ಷಕರು ವರ್ಷಕ್ಕೊಮ್ಮೆ ಮಕ್ಕಳಿಂದ ನಾಲ್ಕು ಕೈಗಳ ಪೀಠವನ್ನೂ ಅಂಧರೊಡನೆ ನಡೆಯುವ ಕ್ರಮವನ್ನೂ ಅಭ್ಯಾಸ ಮಾಡಿಸಬಹುದು. ಆ ಅಭ್ಯಾಸದಲ್ಲಿ ವಿಕಲಚೇತನ ಮಕ್ಕಳನ್ನು ಬದಿಗೆ ಕೂರಿಸದೆ, ಹೇಗೆ ಎತ್ತಬೇಕೆಂದು ಹೇಳಿಕೊಡುವ ಸ್ಥಾನವನ್ನು ಅವರಿಗೇ ಕೊಡುವುದು ವಿಹಿತ.

ಮಳೆಗಾಲವು ಪ್ರತಿವರ್ಷವೂ ಬರುತ್ತದೆ. ನದಿಯು ಯಾವ ವರ್ಷ ದಂಡೆ ಮೀರುವುದೆಂದು ಬಲ್ಲವರಿಲ್ಲ. ನೀರು ಬಂದ ರಾತ್ರಿ ಸಹಾಯಕನನ್ನು ಹುಡುಕುವುದು, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಜೊತೆಯಲ್ಲಿ ಹೋಗುವವರು ಯಾರೆಂಬುದು, ಹೋಗಬೇಕಾದವರಿಗೂ ಕರೆದೊಯ್ಯಬೇಕಾದವರಿಗೂ, ನೀರು ಬರುವ ಮುನ್ನವೇ ತಿಳಿದಿರಬೇಕು.